ಪೋಸ್ಟ್‌ಕಾರ್ಡಿನಿಂದ ಡೇಟಾಬೇಸ್‌ವರೆಗೆ ನಮ್ಮ ವಿಳಾಸಗಳು



1970ರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟುವಾಗ ಕೇರಿಗಳಲ್ಲಿ ಫೋನಿರಲಿಲ್ಲ. ಪೋಸ್ಟ್‌ಕಾರ್ಡು, ಕರಪತ್ರ, ಕೆಂಪು ಬಸ್ಸಿನ ಓಡಾಟ, ಅಷ್ಟೇ. 2021ರಲ್ಲಿ ವಿಜಯನಗರ ಜಿಲ್ಲೆಯಾಯ್ತು. ಹೊಸಪೇಟೆ, ಹಂಪಿ ಈ ಕಡೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ನಮ್ಮನ್ನು ಬಿಡದೆ ಹಿಡಿದಿರೋದು ಫೋನಿನ ನಂಬರುಗಳೇ.

ನಮ್ಮ ಹಿರಿಯರೊಬ್ಬರು ತೀರಿಕೊಂಡಾಗ ಅವರ ಫೋನಿನ ಬೀಗ ತೆಗೆಯೋಕಾಗಲಿಲ್ಲ. ನಲವತ್ತು ವರ್ಷದ ಒಡನಾಟ ಒಳಗೇ ಉಳೀತು.

ಆಂಡ್ರಾಯ್ಡ್‌ನಲ್ಲಿ ಹೆಸರು, ನಂಬರು ಕೂಡಿಡೋದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಫೈಲಿನಲ್ಲಿ. ಅಮೆರಿಕದ ಯುದ್ಧನೌಕೆಯ ಕೆಲಸ ಮಾಡ್ತಿದ್ದ ರಿಚರ್ಡ್ ಹಿಪ್ 2000ನೇ ಇಸವಿಯಲ್ಲಿ ಇದನ್ನು ಹೊರತಂದರು. ಯಾರು ಬೇಕಾದರೂ ಬಳಸಬಹುದು, ದುಡ್ಡಿಲ್ಲ. ಫೈಲು ಕೈಗೆ ಸಿಕ್ಕರೆ ಕಂಪ್ಯೂಟರಿನಲ್ಲಿ ತೆರೆದು, ಹೆಸರಿನ ಟೇಬಲ್ಲಿಗೆ ನಂಬರಿನ ಟೇಬಲ್ ಜೋಡಿಸಿ ಎಕ್ಸೆಲ್ಲಿಗೆ ಇಳಿಸಬಹುದು. ನಾನು ಆಫೀಸಿನಲ್ಲಿ ಎರಡು ರಿಜಿಸ್ಟರ್ ತಾಳೆ ನೋಡೋ ಹಾಗೇನೇ. ಆದರೆ ಆ ಫೈಲು ಇರೋದು ಆಪ್‌ನ ಖಾಸಗಿ ಜಾಗದಲ್ಲಿ, ಸುಲಭಕ್ಕೆ ಸಿಗಲ್ಲ.

ಆ ಬೀಗ ಬೇಕು ಕೂಡ. ದೌರ್ಜನ್ಯದ ಕೇಸಿನಲ್ಲಿ ಸಾಕ್ಷಿ ಹೇಳಿದವರ ನಂಬರು ಎದುರಾಳಿಗೆ ಸಿಕ್ಕರೆ ಗತಿಯೇನು?

ಹಾಗಾಗಿ ಬದುಕಿರುವಾಗಲೇ ಕಾಂಟ್ಯಾಕ್ಟ್ಸ್ ಆಪ್‌ನಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿ, ಬರೋ ಫೈಲನ್ನು ನಂಬಿಕಸ್ತರಿಬ್ಬರಿಗೆ ಕೊಡಿ. ಗ್ರೂಪಿಗೆ ಮಾತ್ರ ಹಾಕಬೇಡಿ. ಸಂಘಟನೆಯ ಚರಿತ್ರೆ ಅಂದ್ರೆ ಈ ಹೆಸರುಗಳೇ.