ಬೆಳಗಿನ ಬ್ರೆಡ್ಡಿನ ಹಿಂದಿನ ಇರುಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆ ರೊಟ್ಟಿಯೆಂದರೆ ಜೋಳದ ರೊಟ್ಟಿ. ಹೊಲಕ್ಕೆ ಬುತ್ತಿ ಹೋಗಬೇಕಾದ ದಿನಗಳಲ್ಲಿ ಹೆಣ್ಣುಮಕ್ಕಳು ನಸುಕಿಗೇ ಎದ್ದು ಕೊಣಮಿಗೆಯ ಮುಂದೆ ಕೂಡುವರು. ಜೋಳದ ಹಿಟ್ಟಿಗೆ ಹುದುಗುವ ಹಂಗಿಲ್ಲ. ನಾದಿದೊಡನೆ ಬಡಿದು ಹಂಚಿಗೆ ಹಾಕಬಹುದು. ಬೇಕರಿಯ ಬ್ರೆಡ್ಡಿನ ರೀತಿ ಬೇರೆ. ಗೋದಿಯ ಕಣಕ ಹುದುಗಿ ಉಬ್ಬಲು ತಾಸುಗಟ್ಟಲೆ ಬೇಕು; ಗಿರಾಕಿಗಾದರೋ ಬೆಳಗಿನ ಚಹದ ಹೊತ್ತಿಗೆ ಅದು ಮೆತ್ತಗೆ ಕೈಸೇರಬೇಕು. ಹೀಗಾಗಿ ದುಡಿಮೆ ಇರುಳಿಗೆ ಸರಿಯಿತು. ದೊಡ್ಡ ಬೇಕರಿಗಳಲ್ಲಿ ಒಂದು ಪಾಳಿಯವರು ಕಲಸಿದ್ದನ್ನು ಇನ್ನೊಂದು ಪಾಳಿಯವರು ಬೇಯಿಸುವರು. ಉಬ್ಬಿದ ಕಣಕ ಆಳಿನ ದಣಿವನ್ನು ನೋಡಿ ಕಾಯುವುದಿಲ್ಲವಷ್ಟೆ!

ಈ ಇರುಳು ಯಾರದೆಂಬ ವ್ಯಾಜ್ಯ ಹಳೆಯದು. 1863ರಲ್ಲಿ ಇಂಗ್ಲೆಂಡಿನ ಕಾಯಿದೆಯೊಂದು 18 ವರ್ಷದೊಳಗಿನವರನ್ನು ರಾತ್ರಿ 9ರಿಂದ ಬೆಳಗಿನ 5ರವರೆಗೆ ಬ್ರೆಡ್ಡಿನ ಭಟ್ಟಿಗಳಲ್ಲಿ ದುಡಿಸಬಾರದೆಂದಿತು. 1871ರಲ್ಲಿ ಪ್ಯಾರಿಸ್ ಕಮ್ಯೂನು ಬೇಕರಿಯ ರಾತ್ರಿಗೆಲಸವನ್ನೇ ನಿಷೇಧಿಸಿತು. ಆದರೆ ಆ ಆಡಳಿತವೇ ಮೂರು ತಿಂಗಳು ಬಾಳಲಿಲ್ಲ. ನ್ಯೂಯಾರ್ಕ್ ರಾಜ್ಯವು 1895ರಲ್ಲಿ ಬೇಕರಿಯವರಿಗೆ ದಿನಕ್ಕೆ 10, ವಾರಕ್ಕೆ 60 ತಾಸುಗಳ ಮಿತಿ ಹಾಕಿತು. 1905ರಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯ ಐವರಿಗೆ ನಾಲ್ವರ ಮತದಿಂದ ಅದನ್ನು ರದ್ದುಗೊಳಿಸಿತು. ಒಪ್ಪಂದದ ಸ್ವಾತಂತ್ರ್ಯಕ್ಕೆ ಅದು ಅಡ್ಡಿಯೆಂಬುದು ಕಾರಣ. ಹಸಿದವನಿಗೆ ಒಪ್ಪಂದದಲ್ಲಿ ಎಷ್ಟು ಸ್ವಾತಂತ್ರ್ಯವಿರುತ್ತದೆಂಬುದನ್ನು ವಾಚಕರೇ ಊಹಿಸಬಹುದು. 1925ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬೇಕರಿಗಳ ರಾತ್ರಿಗೆಲಸದ ವಿರುದ್ಧ ಒಂದು ಒಡಂಬಡಿಕೆಯನ್ನೇ ಅಂಗೀಕರಿಸಿತು.

ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9, ವಾರಕ್ಕೆ 48 ತಾಸುಗಳ ಮಿತಿಯಿಟ್ಟಿತು. ಹೆಚ್ಚಿನ ತಾಸಿಗೆ ಇಮ್ಮಡಿ ಕೂಲಿಯೆಂದಿತು. ಆದರೆ ಕಾರ್ಖಾನೆಯೆನಿಸಲು ವಿದ್ಯುತ್ತಿದ್ದಲ್ಲಿ 10, ಇಲ್ಲದಲ್ಲಿ 20 ಜನ ದುಡಿಯಬೇಕಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಗಳನ್ನು 20, 40ಕ್ಕೆ ಏರಿಸಿತು. ತಾಲ್ಲೂಕು ಊರಿನ ಬೇಕರಿಯಲ್ಲಿ ಐದಾರು ಜನರಿದ್ದರೆ ಅದೇ ಹೆಚ್ಚು! ಅಂಗಡಿಗಳ ಕಾಯಿದೆ ಅವರಿಗೂ ತಾಸುಗಳ ಮಿತಿ ಹೇಳುತ್ತದೆ, ನಿಜ. ಆದರೆ ಬಾಗಿಲು ಹಾಕಿದ ಮೇಲೆ ಒಳಗೆ ಉರಿಯುವ ಭಟ್ಟಿಯ ಮುಂದೆ ಗಡಿಯಾರ ಹಿಡಿದು ನಿಲ್ಲುವವರಾರು?

ಈಗ ಖಾನಾವಳಿಗಳಿಗೂ ಅಂಗಡಿಗಳಿಗೂ ಜೋಳದ ರೊಟ್ಟಿಯನ್ನು ಬಡಿದು ಕೊಡುವ ಹೆಣ್ಣುಮಕ್ಕಳು ನಮ್ಮ ಕಡೆ ಬಹಳ. ಅವರ ಕೂಲಿ ಎಣಿಸುವುದು ರೊಟ್ಟಿಯಿಂದ, ತಾಸಿನಿಂದಲ್ಲ. ಮನೆಯ ಒಲೆಗೆ ಪಾಳಿಯಿಲ್ಲ, ಪಾಳಿ ಬದಲಿಸಲು ಬರುವವರೂ ಇಲ್ಲ. ನೂರೈವತ್ತು ವರ್ಷಗಳ ಈ ವ್ಯಾಜ್ಯ ಇನ್ನೂ ಅವರ ಹೊಸ್ತಿಲನ್ನು ಮುಟ್ಟಿಲ್ಲ.