ಸಾವಿರ ಪ್ರತಿಗಳ ನೀತಿ: ಗಣಕಕಡತಗಳ ಸಂರಕ್ಷಣೆಯ ಒಂದು ಚಾರಿತ್ರಿಕ ವಿವೇಚನೆ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಬರೆಯಿಸಿ ಹಂಚಿದಳೆಂಬ ಸಂಗತಿಯು ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರೆಲ್ಲರಿಗೂ ವಿದಿತವೇ ಆಗಿದೆ. ಇದನ್ನು ದಾನಧರ್ಮದ ಕಾರ್ಯವೆಂದು ಹೊಗಳುವುದು ವಾಡಿಕೆ. ಗ್ರಂಥಸಂರಕ್ಷಣೆಯ ದೃಷ್ಟಿಯಿಂದ ನೋಡುವುದಾದರೆ ಅದರಲ್ಲಿ ಇನ್ನೊಂದು ವಿವೇಕವೂ ಅಡಗಿದೆ. ಗೆದ್ದಲು, ತೇವ, ಬೆಂಕಿ ಇವುಗಳಿಂದ ಓಲೆಗರಿಯನ್ನು ಎಷ್ಟು ಜೋಪಾನ ಮಾಡಿದರೂ ಒಂದೇ ಪ್ರತಿಗೆ ಒಂದೇ ಆಯುಷ್ಯ. ಹಲವರ ಕೈಯಲ್ಲಿ, ಹಲವು ಊರುಗಳಲ್ಲಿ ಇರುವ ಗ್ರಂಥವು ಏಕಕಾಲಕ್ಕೆ ನಾಶವಾಗುವುದು ದುಸ್ಸಾಧ್ಯ. ಈ ನೀತಿಯು ಇಂದಿನ ಗಣಕಕಡತಗಳಿಗೂ ಅನ್ವಯಿಸುವುದೆಂಬುದನ್ನು ಉತ್ತರ ಬೆಂಗಳೂರಿನ ಎರಡು ನಿದರ್ಶನಗಳಿಂದ ತೋರಿಸುವುದೇ ನಮ್ಮ ಉದ್ದೇಶ.

ಮೊದಲನೆಯದು ಹೆಬ್ಬಾಳದ ವೀರಗಲ್ಲು. ಗಂಗದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಿಲೆಯು ಕಿತ್ತಯ್ಯನೆಂಬ ವೀರನ ಸ್ಮಾರಕ. ಇದು ಬೆಳಕಿಗೆ ಬಂದುದು 2018ರಲ್ಲಿ, ನೆಲವನ್ನು ಅಗೆಯುವಾಗ. ಬಿ. ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಅಚ್ಚು ಮಾಡಿಸಿದಾಗ ಇದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಸಂಪುಟದಲ್ಲಿ ಸೇರಿದ ಶಾಸನಗಳ ಪೈಕಿ ಹಲವು, ನಗರವು ಬೆಳೆದಂತೆ ಕಣ್ಮರೆಯಾಗಿವೆ. ಆದರೂ ಅವುಗಳ ಪಾಠವು ನಮಗೆ ದೊರೆಯುತ್ತದೆ. ಇದರ ತಾತ್ಪರ್ಯವಿಷ್ಟೆ: ಕಲ್ಲಿಗಿಂತ ಕಾಗದವು ಗಟ್ಟಿಯಲ್ಲ, ಆದರೆ ಕಲ್ಲು ಒಂದು, ಕಾಗದದ ಪ್ರತಿಗಳು ಅನೇಕ. ಈಚೆಗೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲನ್ನು ಕಾಯಲು ಹುಟ್ಟಿದ ಈ ಕಡತಗಳನ್ನು ಕಾಯುವ ಬಗೆಯಾದರೂ ಯಾವುದು?

ಈ ಪ್ರಶ್ನೆಯು ನಮ್ಮನ್ನು ಎರಡನೆಯ ನಿದರ್ಶನಕ್ಕೆ, ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಗೆ ಒಯ್ಯುತ್ತದೆ. 2000ದ ದಶಕದ ಆರಂಭದಲ್ಲಿ ಈ ಸಂಸ್ಥೆಯು ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದ ಸಹಯೋಗದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾವನ್ನು ಕಟ್ಟಲು ತೊಡಗಿತು. ಕನ್ನಡದ ಸಾವಿರಾರು ಹಳೆಯ ಪುಸ್ತಕಗಳೂ ಅದರಲ್ಲಿ ಸೇರಿದುವು. ಅಲ್ಲಿ ಒಂದೊಂದು ಪುಟವೂ ಒಂದೊಂದು ಚಿತ್ರಕಡತ. ಪುಸ್ತಕವೊಂದಕ್ಕೆ 15 ಮೆಗಾಬೈಟ್ ಎಂದು ಹಿಡಿದರೂ ಐದು ಲಕ್ಷ ಪುಸ್ತಕಗಳಿಗೆ 7,500 ಗಿಗಾಬೈಟ್ ಸ್ಥಳ ಬೇಕು. 4.7 ಗಿಗಾಬೈಟ್ ಹಿಡಿಯುವ ಡಿ.ವಿ.ಡಿ.ಗಳಾದರೆ ಸುಮಾರು 1,600; 700 ಮೆಗಾಬೈಟಿನ ಸಿ.ಡಿ.ಗಳಾದರೆ ಹತ್ತು ಸಾವಿರಕ್ಕೂ ಮಿಗಿಲು.

ಇಂತಹ ರಾಶಿಯನ್ನು ಹಲವು ಡಿಸ್ಕುಗಳಿಗೆ ಹಂಚುವಲ್ಲಿ ಕ್ರಮವೊಂದಿರಬೇಕು. ಸಂಗ್ರಹವನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ತುಂಡರಿಸಿದರೆ ಒಂದು ಡಿಸ್ಕು ಕೆಟ್ಟಾಗ ಉಳಿದವೂ ನಿರರ್ಥಕವಾಗಬಹುದು. ಆದುದರಿಂದ ಒಂದು ಪುಸ್ತಕದ ಪುಟಗಳು ಒಂದೇ ಡಿಸ್ಕಿನಲ್ಲಿರಬೇಕು; ಒಟ್ಟು ಸಂಗ್ರಹದ ಸೂಚಿಯು ಪ್ರತಿಯೊಂದು ಡಿಸ್ಕಿನಲ್ಲಿಯೂ ಇರಬೇಕು. ಕಡತದ ಅಕ್ಷರಾಕ್ಷರಗಳಿಂದ ಲೆಕ್ಕಹಾಕಿ ಪಡೆದ ತಾಳೆಯ ಅಂಕಿಯೊಂದನ್ನು ಬರೆದಿಟ್ಟರೆ, ಪ್ರತಿಯು ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ವರ್ಷಗಳ ಮೇಲೂ ಪರೀಕ್ಷಿಸಬಹುದು. ನಾವು ಬರೆದುಕೊಳ್ಳುವ ಡಿಸ್ಕಿನ ಒಳಗಿರುವುದು ಬಣ್ಣದ ತೆಳುಪದರ. ಬಿಸಿಲು, ಸೆಕೆ, ತೇವಗಳಿಂದ ಅದು ಕ್ರಮೇಣ ಮಾಸುತ್ತದೆ. ಪದರವು ಉಳಿದರೂ ಅದನ್ನು ಓದುವ ಯಂತ್ರವು ಉಳಿಯುವುದೆಂಬ ಭರವಸೆಯಿಲ್ಲ. ಓಲೆಯ ಗ್ರಂಥವನ್ನು ತಲೆಮಾರಿಗೊಮ್ಮೆ ಪ್ರತಿಮಾಡಿದಂತೆ ಇದನ್ನೂ ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ಪ್ರತಿಮಾಡುತ್ತಿರಬೇಕು.

ಹಾಗಾದರೆ ಆ ಪುಸ್ತಕಾಲಯದ ಗತಿ ಏನಾಯಿತು? ಅದರ ಜಾಲತಾಣವು ಕೆಲವು ವರ್ಷಗಳ ತರುವಾಯ ಓದುಗರಿಗೆ ದೊರೆಯದಾಯಿತು. ಆದರೆ ಅಷ್ಟರೊಳಗೆ ಕಾರ್ಲ್ ಮಾಲಮುಡ್ ಅವರ ಪ್ರಯತ್ನದಿಂದ ನಾಲ್ಕು ಲಕ್ಷಕ್ಕೂ ಮಿಕ್ಕ ಪುಸ್ತಕಗಳ ಪ್ರತಿಯು ಇಂಟರ್ನೆಟ್ ಆರ್ಕೈವಿನಲ್ಲಿ ಸೇರಿದ್ದಿತು. ಇಂದು ನಮ್ಮ ವಿದ್ಯಾರ್ಥಿಗಳು ಹಳೆಯ ಕನ್ನಡ ಪುಸ್ತಕವೊಂದನ್ನು ಅಲ್ಲಿ ತೆರೆದು ಓದುತ್ತಿದ್ದರೆ, ಅದು ಮೂಲವು ಭದ್ರವಾಗಿದ್ದುದರಿಂದಲ್ಲ, ಇನ್ನೊಬ್ಬರ ಕೈಯಲ್ಲಿ ಇನ್ನೊಂದು ಪ್ರತಿ ಇದ್ದುದರಿಂದ.

ನಮ್ಮ ಕಾಲೇಜುಗಳ ಕಪಾಟುಗಳಲ್ಲಿ ಕ್ಷೇತ್ರಕಾರ್ಯದ ಛಾಯಾಚಿತ್ರಗಳು, ಧ್ವನಿಮುದ್ರಣಗಳು, ಪ್ರಬಂಧಗಳು ಒಂಟಿ ಡಿಸ್ಕುಗಳಲ್ಲಿ ಧೂಳು ತಿನ್ನುತ್ತಿರುವುದುಂಟು. ಯಲಹಂಕದ ಕಾಲೇಜೊಂದರ ಸಂಗ್ರಹದ ಪ್ರತಿಯು ಧಾರವಾಡದಲ್ಲಿಯೂ, ಅಲ್ಲಿಯದು ಇಲ್ಲಿಯೂ ಇರುವಂತೆ ಏರ್ಪಾಡು ಮಾಡಲು ಹೆಚ್ಚಿನ ಧನವು ಬೇಕಿಲ್ಲ. ಪರಸ್ಪರ ವಿಶ್ವಾಸವೊಂದು ಬೇಕು. ಅತ್ತಿಮಬ್ಬೆಯು ಪ್ರತಿಗಳನ್ನು ಬರೆಯಿಸಿದುದಷ್ಟೇ ಅಲ್ಲ, ಅವನ್ನು ಹಂಚಿದಳು. ಆ ಎರಡನೆಯ ಕೆಲಸವೇ ನಮ್ಮಲ್ಲಿ ಇನ್ನೂ ಬಾಕಿ ಉಳಿದಿದೆ.