ಮಕ್ಕಳ ಪ್ರವಾಸಿ ತಂಡಗಳು: ಶುಲ್ಕ, ತರಬೇತಿ ಮತ್ತು ನ್ಯಾಯದ ಲೆಕ್ಕ

ಊರಿನ ಬಯಲಿನಲ್ಲಿ ಆಡುವುದಕ್ಕೆ ಮಗುವಿಗೆ ಹಣ ಬೇಕಿಲ್ಲ. ಪಕ್ಕದ ಜಿಲ್ಲೆಗೆ ಹೋಗಿ ಆಡಬೇಕಾದರೆ ಬೇಕು. ಕ್ರಿಕೆಟ್, ಫುಟ್‌ಬಾಲ್, ಬ್ಯಾಡ್ಮಿಂಟನ್, ಈಜು ಮೊದಲಾದ ಕ್ರೀಡೆಗಳಲ್ಲಿ ಖಾಸಗಿ ಅಕಾಡೆಮಿಗಳು ರಾಜ್ಯದ ನಗರಗಳಲ್ಲೆಲ್ಲ ತಲೆಯೆತ್ತಿವೆ. ಮಾಸಿಕ ಶುಲ್ಕ, ಪ್ರವಾಸದ ಖರ್ಚು, ಆಟಗಾರರ ಆಯ್ಕೆ ಇವೆಲ್ಲ ಒಂದೇ ಕೈಯಲ್ಲಿ ಸೇರಿರುವ ವ್ಯವಸ್ಥೆಯಲ್ಲಿ ಯಾರಿಗೆ ಅವಕಾಶ ದೊರೆಯುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದು ಪೋಷಕರೆಲ್ಲರನ್ನೂ ಕಾಡುವ ಪ್ರಶ್ನೆ. ಈ ವಿಷಯದಲ್ಲಿ ನಿಯಮಗಳೇನು, ಶುಲ್ಕವಿಲ್ಲದ ದಾರಿಗಳು ಯಾವುವು, ಪೋಷಕರು ಏನನ್ನು ವಿಚಾರಿಸಬೇಕು ಎಂಬುದರ ವಿವರ ಇಲ್ಲಿದೆ.

ಪ್ರವಾಸಿ ತಂಡ ಎಂದರೇನು?

ನಿಗದಿತ ವಯೋಮಿತಿಯ ಮಕ್ಕಳನ್ನು ಒಟ್ಟುಗೂಡಿಸಿ, ಊರಿಂದೂರಿಗೆ ಕರೆದೊಯ್ದು ಪಂದ್ಯಾವಳಿಗಳಲ್ಲಿ ಆಡಿಸುವ ತಂಡಗಳನ್ನು ಸ್ಥೂಲವಾಗಿ ಪ್ರವಾಸಿ ತಂಡಗಳೆನ್ನಬಹುದು. ಇವು ಮೂರು ಬಗೆಯವು. ಮೊದಲನೆಯದು ಶಾಲಾ ತಂಡ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಹತ್ತುತ್ತ ಅದು ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟದವರೆಗೆ ಹೋಗಬಲ್ಲದು. ಎರಡನೆಯದು ರಾಜ್ಯ ಕ್ರೀಡಾ ಸಂಸ್ಥೆಗಳು ಆಯ್ಕೆ ಮಾಡುವ ವಲಯ, ಜಿಲ್ಲೆ ಅಥವಾ ರಾಜ್ಯ ತಂಡ. ಮೂರನೆಯದು ಖಾಸಗಿ ಅಕಾಡೆಮಿ ಅಥವಾ ಕ್ಲಬ್ಬಿನ ತಂಡ. ಶುಲ್ಕದ ತಕರಾರು ಹೆಚ್ಚಾಗಿ ಹುಟ್ಟುವುದು ಈ ಮೂರನೆಯ ಬಗೆಯಲ್ಲಿ.

ಕೆಳಗಿನ ಮೆಟ್ಟಿಲೇ ದುಬಾರಿ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಈ ಪಟ್ಟಣ ತುಂಗಭದ್ರಾ ಕಾಲುವೆಯ ಭತ್ತದ ಸೀಮೆಗೆ ಸೇರಿದ್ದು. ಇಂಥ ಊರಿನ ಹುಡುಗನೊಬ್ಬ ಬಳ್ಳಾರಿಯ ಅಕಾಡೆಮಿಗೆ ಸೇರಿದರೆ ಅಲ್ಲಿನ ಮಕ್ಕಳಷ್ಟೇ ಶುಲ್ಕ ಕೊಡುತ್ತಾನೆ. ಅದರ ಮೇಲೆ ಬಸ್ಸಿನ ಖರ್ಚು, ಪ್ರಯಾಣಕ್ಕೆ ಹೋಗುವ ಗಂಟೆಗಳು, ಜೊತೆಗೆ ಬರುವ ತಂದೆಯ ಒಂದು ದಿನದ ಕೂಲಿ ಸೇರುತ್ತವೆ. ಶುಲ್ಕ ಎಲ್ಲರಿಗೂ ಒಂದೇ ಆಗಿದ್ದರೂ ಭಾರ ಒಂದೇ ಅಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಈ ಭಾರದ ಒಂದು ಪಾಲು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಇಳಿದಿದೆ. ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಅವರಿಗೆ ಉಚಿತ. ಸಂಜೆಯ ಅಭ್ಯಾಸ ಮುಗಿದ ಬಳಿಕ ಊರಿಗೆ ಬಸ್ಸು ಇದೆಯೇ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಕ್ರಿಕೆಟ್ಟಿನಲ್ಲಿ 16 ವರ್ಷದೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿಯಲ್ಲಿ ಆಡುವ ರಾಜ್ಯ ತಂಡದ ಬಾಲಕನ ಪ್ರಯಾಣ, ವಸತಿ, ಊಟದ ವೆಚ್ಚವನ್ನು ಸಂಸ್ಥೆಯೇ ಭರಿಸುತ್ತದೆ. ಅಲ್ಲಿಗೆ ತಲುಪುವ ಮುನ್ನಿನ ವರ್ಷಗಳಲ್ಲಿ, ಅಂದರೆ ಕಿಟ್ಟು, ಶುಲ್ಕ, ಅಭ್ಯಾಸ ಪಂದ್ಯ, ಆಯ್ಕೆ ಶಿಬಿರಗಳ ಕಾಲದಲ್ಲಿ, ಎಲ್ಲ ಖರ್ಚೂ ಮನೆಯದು. ಮೇಲಿನ ಮೆಟ್ಟಿಲು ಉಚಿತ, ಕೆಳಗಿನ ಮೆಟ್ಟಿಲು ದುಬಾರಿ. ಬಡ ಮಗು ಬಿಟ್ಟುಹೋಗುವುದು ಆಟ ಸಾಲದೆ ಅಲ್ಲ, ಆ ಕೆಳಗಿನ ಮೆಟ್ಟಿಲುಗಳಲ್ಲಿ ಕೈಯಲ್ಲಿ ಕಾಸಿಲ್ಲದೆ. ಶ್ರೀಮಂತ ಮಂಡಳಿಗಳಿಲ್ಲದ ಸಣ್ಣ ಕ್ರೀಡೆಗಳಲ್ಲಂತೂ ಮೇಲಿನ ಹಂತದಲ್ಲಿಯೂ ಮನೆಯವರು ಕೈಯಿಂದ ಹಾಕುವುದುಂಟು.

ಹಣ ಎಲ್ಲಿಗೆ ಹೋಗುತ್ತದೆ?

ಶುಲ್ಕ ಪಡೆಯುವುದೇ ಅನ್ಯಾಯವಲ್ಲ. ತರಬೇತುದಾರನಿಗೂ ಸಂಸಾರವಿದೆ, ಮೈದಾನದ ಬಾಡಿಗೆ, ಮ್ಯಾಟು, ಚೆಂಡು, ನೆಟ್ಟು ಎಲ್ಲಕ್ಕೂ ದುಡ್ಡು ಬೇಕು. ನ್ಯಾಯದ ಪ್ರಶ್ನೆ ಇರುವುದು ಲೆಕ್ಕದ ಪಾರದರ್ಶಕತೆಯಲ್ಲಿ. ಒಂದು ಕಲ್ಪಿತ ಲೆಕ್ಕವನ್ನು ಗಮನಿಸೋಣ.

ಒಂದು ಕ್ರಿಕೆಟ್ ತಂಡ ಹದಿನೆಂಟು ಮಕ್ಕಳನ್ನು ಪರಸ್ಥಳದ ಪಂದ್ಯಾವಳಿಗೆ ಕರೆದೊಯ್ಯುತ್ತದೆ ಎಂದಿಟ್ಟುಕೊಳ್ಳಿ. ತಲಾ 4,000 ರೂಪಾಯಿಯಂತೆ ಸಂಗ್ರಹವಾಗುವ ಮೊತ್ತ 72,000 ರೂಪಾಯಿ. ವಾಹನಕ್ಕೆ 24,000, ವಸತಿ ಮತ್ತು ಊಟಕ್ಕೆ 27,000, ಪ್ರವೇಶ ಶುಲ್ಕ 6,000 ಎಂದಾದರೆ ಒಟ್ಟು 57,000. ಉಳಿದ 15,000 ತರಬೇತುದಾರನ ಸಂಭಾವನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಐದು ಸಾಲುಗಳನ್ನು ಬರೆದುಕೊಡುವ ತಂಡಗಳು ಎಷ್ಟು?

ಇದೇ ಲೆಕ್ಕ ಇನ್ನೆರಡು ಸಂಗತಿಗಳನ್ನು ತೋರಿಸುತ್ತದೆ. ಹನ್ನೊಂದು ಮಂದಿಯಷ್ಟೇ ಎಲ್ಲ ಪಂದ್ಯಗಳನ್ನೂ ಆಡಿದರೆ ಹೊರಗೆ ಕುಳಿತ ಏಳು ಮಕ್ಕಳ ಮನೆಯಿಂದ ಬಂದ 28,000 ರೂಪಾಯಿ ಇತರರ ಆಟಕ್ಕೆ ನೆರವಾಯಿತೆಂದೇ ಅರ್ಥ. ಇನ್ನೊಂದೆಡೆ, ಇಬ್ಬರು ಬಡ ಮಕ್ಕಳಿಗೆ ಪೂರ್ಣ ವಿನಾಯಿತಿ ಕೊಟ್ಟರೆ ಉಳಿದ ಹದಿನಾರು ಮಂದಿಯ ಪಾಲು 4,500 ರೂಪಾಯಿಯಾಗುತ್ತದೆ. ತಲಾ 500 ರೂಪಾಯಿ ಹೆಚ್ಚು ಕೊಟ್ಟರೆ ಎರಡು ಮಕ್ಕಳು ಹೊರಗುಳಿಯುವುದು ತಪ್ಪುತ್ತದೆ. ನ್ಯಾಯಕ್ಕೆ ತಗಲುವ ವೆಚ್ಚ ಅನೇಕರು ಭಾವಿಸುವಷ್ಟು ದೊಡ್ಡದಲ್ಲ.

ತೆರಿಗೆಯ ವಿಷಯವೂ ತಿಳಿದಿರಲಿ. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ದತ್ತಿ ಸಂಸ್ಥೆಗಳು ನೀಡುವ ಕ್ರೀಡಾ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇದೆ. 2022ರ ಜುಲೈನಲ್ಲಿ ಆದ ತಿದ್ದುಪಡಿಯ ಪ್ರಕಾರ ಈ ವಿನಾಯಿತಿ ದತ್ತಿ ಸಂಸ್ಥೆಗಳಿಗಷ್ಟೇ ಸೀಮಿತ. ಜಿಎಸ್‌ಟಿ ನೋಂದಣಿಯ ಮಿತಿಯನ್ನು ದಾಟಿದ ವಾಣಿಜ್ಯ ಅಕಾಡೆಮಿಯ ಶುಲ್ಕದ ಮೇಲೆ ಶೇ 18ರಷ್ಟು ತೆರಿಗೆ ಬೀಳುತ್ತದೆ. ಆದ್ದರಿಂದ ರಸೀದಿ ಕೇಳಿ ಪಡೆಯುವುದು ಪೋಷಕರ ಹಕ್ಕು.

ತರಬೇತುದಾರನೇ ಆಯ್ಕೆದಾರನಾದಾಗ

ಹಣದ ತಾರತಮ್ಯ ಕಣ್ಣಿಗೆ ಕಾಣುತ್ತದೆ. ತರಬೇತಿಯ ತಾರತಮ್ಯ ಕಾಣುವುದಿಲ್ಲ. ಹೆಚ್ಚುವರಿ ಶುಲ್ಕ ಪಡೆದು ಕೆಲವು ಮಕ್ಕಳಿಗೆ ಪ್ರತ್ಯೇಕ ಪಾಠ ಹೇಳುವ ತರಬೇತುದಾರನೇ ತಂಡವನ್ನೂ ಆರಿಸಿದರೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅನುಮಾನ ತಪ್ಪದು. ಪ್ರತ್ಯೇಕ ಪಾಠ ಪಡೆದ ಹುಡುಗ ಆಯ್ಕೆಯಾದರೆ ದುಡ್ಡಿಗೆ ಆಯ್ಕೆಯಾದನೆಂಬ ಮಾತು ಬರುತ್ತದೆ, ಆತನ ನಿಜವಾದ ಸಾಮರ್ಥ್ಯಕ್ಕೂ ಕಳಂಕ ತಗಲುತ್ತದೆ.

ಪರಿಹಾರ ಕಷ್ಟದ್ದೇನಲ್ಲ. ಆಯ್ಕೆಯಲ್ಲಿ ಹೊರಗಿನವರೊಬ್ಬರು ಇರಬೇಕು. ಸಮೀಪದ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಾದರೂ ಆದೀತು. ಆಯ್ಕೆಯ ಮಾನದಂಡ ಮೊದಲೇ ಪ್ರಕಟವಾಗಬೇಕು. ಕಿರಿಯರ ಪಂದ್ಯಗಳಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಇಷ್ಟು ಆಟ ಎಂಬ ನಿಯಮ ಇರಬೇಕು. ತರಬೇತುದಾರನ ಅರ್ಹತೆಯನ್ನೂ ಕೇಳಬಹುದು: 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಬಿಸಿಸಿಐನ ತರಬೇತುದಾರರ ಪ್ರಮಾಣಪತ್ರ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಪರವಾನಗಿ ಇತ್ಯಾದಿ.

ಕಾನೂನಿನ ನೆರಳು ಎಲ್ಲಿಯವರೆಗೆ?

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗೆ ಮರಳಿಸಬೇಕೆಂಬ ಸೂಚನೆ ಅದರಲ್ಲಿದೆ. ಆದರೆ ಕ್ರೀಡೆ, ನೃತ್ಯ, ರಂಗಭೂಮಿಗಳನ್ನು ಅದು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಗಣಿತದ ಪಾಠಕ್ಕೆ ಸೇರಿದ ಮಗುವಿಗೆ ಇರುವ ಈ ರಕ್ಷಣೆ ಮೈದಾನಕ್ಕೆ ಇಳಿದ ಅದೇ ಮಗುವಿಗೆ ಇಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಹಣ ಪಡೆದು ಸೇವೆಯಲ್ಲಿ ಲೋಪ ಮಾಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಶಾಲಾ ಕಾಲೇಜುಗಳು ತಾವೇ ನಡೆಸುವ ಈಜು, ಕ್ರೀಡೆಗಳು ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಜನವರಿಯಲ್ಲಿ ಹೇಳಿತಾದರೂ ಕೋಚಿಂಗ್ ಸಂಸ್ಥೆಗಳಿಗೆ ಆ ವಿನಾಯಿತಿ ಕೊಡಲಿಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರು ಮತ್ತು ಅಪ್ರಾಪ್ತರ ಸುರಕ್ಷತೆಗೆ ನೀತಿಯನ್ನೂ, ವಿವಾದ ಪರಿಹಾರಕ್ಕೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯನ್ನೂ ಕಲ್ಪಿಸಿದೆ. ಅದರ ಮುಖ್ಯ ಗುರಿ ರಾಷ್ಟ್ರಮಟ್ಟದ ಕ್ರೀಡಾ ಸಂಸ್ಥೆಗಳು. ಬೀದಿ ಕೊನೆಯ ಅಕಾಡೆಮಿಯ ಶುಲ್ಕದ ಪಟ್ಟಿಯಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ 2012ರ ಪೋಕ್ಸೊ ಕಾಯ್ದೆ ಮಾತ್ರ ಎಲ್ಲ ತಂಡಗಳಿಗೂ ಅನ್ವಯಿಸುತ್ತದೆ. ಪ್ರವಾಸದಲ್ಲಿ ಮಕ್ಕಳೊಡನೆ ಯಾರು ತಂಗುತ್ತಾರೆ ಎಂದು ಕೇಳುವುದು ಅನುಮಾನದ ಮಾತಲ್ಲ, ಪೋಷಕರ ಕರ್ತವ್ಯ. ಮಕ್ಕಳ ಸಹಾಯವಾಣಿ 1098.

ಶುಲ್ಕವಿಲ್ಲದ ದಾರಿಗಳು

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ ಹಾಗೂ ಕ್ರೀಡಾ ನಿಲಯಗಳಲ್ಲಿ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ತರಬೇತಿ ಉಚಿತ. ನಿಗದಿತ ತರಗತಿಗಳ ಪ್ರವೇಶಕ್ಕೆ ನಡೆಯುವ ಆಯ್ಕೆ ಪರೀಕ್ಷೆಗಳ ದಿನಾಂಕವನ್ನು ಜಿಲ್ಲಾ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ದಸರಾ ಕ್ರೀಡಾಕೂಟವೂ ತಾಲ್ಲೂಕು ಮಟ್ಟದಿಂದಲೇ ಆರಂಭವಾಗುತ್ತದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳಲ್ಲಿ ಬಳ್ಳಾರಿಯು ರಾಯಚೂರು ವಲಯಕ್ಕೆ ಸೇರಿದೆ. ವಯೋಮಿತಿ ತಂಡಗಳ ಆಯ್ಕೆಯ ಪ್ರಕಟಣೆ ವಲಯದಿಂದಲೇ ಹೊರಡುತ್ತದೆ.

ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ ಎಂಟು ವರ್ಷಗಳವರೆಗೆ ನೆರವು ನೀಡುವ ವ್ಯವಸ್ಥೆ ರೂಪುಗೊಂಡಿತು. ಅದರಲ್ಲಿ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ.

ಬಳ್ಳಾರಿ ಜಿಲ್ಲೆಯಲ್ಲೇ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ, ಜೆಎಸ್‌ಡಬ್ಲ್ಯು ಸಮೂಹ 2018ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್, ಈಜು ಇಲ್ಲಿನ ಮುಖ್ಯ ಕ್ರೀಡೆಗಳು. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನದ ಆಧಾರದಲ್ಲಿ ತರಬೇತಿ, ವಸತಿ, ಊಟ ದೊರೆಯುತ್ತವೆ. ಒಲಿಂಪಿಕ್ ಚಿನ್ನ ಗೆದ್ದ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಇಲ್ಲಿ ಅಭ್ಯಾಸ ಮಾಡಿದವರು. ಆದರೆ ಇಲ್ಲಿಗೆ ದೇಶದೆಲ್ಲೆಡೆಯಿಂದ ಸ್ಪರ್ಧೆಯಿದೆ. ಜಿಲ್ಲೆಯೊಳಗೇ ಇಂಥ ಸಂಸ್ಥೆ ಇದ್ದರೂ ಅದರ ಬಾಗಿಲವರೆಗೆ ಮಗುವನ್ನು ಸಿದ್ಧಗೊಳಿಸುವ ಮೊದಲ ತರಬೇತುದಾರ ಹಳ್ಳಿಯಲ್ಲಿರಬೇಕು. ಅನೇಕ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯೇ ಖಾಲಿಯಿರುವಾಗ ಆ ಮೊದಲ ಹೆಜ್ಜೆ ಶುಲ್ಕ ಕೊಡಬಲ್ಲವರ ಪಾಲಾಗುತ್ತದೆ.

ಪ್ರಮಾಣಪತ್ರದ ಬೆಲೆ

ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶದ ಕ್ರೀಡಾ ಕೋಟಾ ಹಾಗೂ ಸರ್ಕಾರಿ ನೌಕರಿಯ ಆಸೆಯಿಂದ ಮಕ್ಕಳನ್ನು ಪ್ರವಾಸಕ್ಕೆ ಕಳುಹಿಸುವ ಪೋಷಕರೂ ಇದ್ದಾರೆ. ಕೇಂದ್ರ ಸರ್ಕಾರದ ನೇಮಕಾತಿ ನಿಯಮ ಪರಿಗಣಿಸುವುದು ರಾಜ್ಯ ಅಥವಾ ದೇಶದ ಪ್ರಾತಿನಿಧ್ಯ, ಅಂತರ ವಿಶ್ವವಿದ್ಯಾಲಯ ಕೂಟ, ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ ಮೊದಲಾದವನ್ನು. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂದಿದ್ದ ಮಾತ್ರಕ್ಕೆ ಖಾಸಗಿ ಪಂದ್ಯಾವಳಿಯ ಪ್ರಮಾಣಪತ್ರಕ್ಕೆ ಈ ಬೆಲೆ ಬರುವುದಿಲ್ಲ. ಹಣ ಕಟ್ಟುವ ಮುನ್ನ ಸಂಘಟಕ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ನೋಡಬೇಕು.

ಹೊರದೇಶಗಳ ಅನುಭವ

ಅಮೆರಿಕದಲ್ಲಿ ಒಂದು ಮಗುವಿನ ಮುಖ್ಯ ಕ್ರೀಡೆಗೆ ಕುಟುಂಬವೊಂದು 2024ರಲ್ಲಿ ಸರಾಸರಿ 1,016 ಡಾಲರ್ ವೆಚ್ಚ ಮಾಡಿತು, ಇದು 2019ಕ್ಕಿಂತ ಶೇ 46ರಷ್ಟು ಹೆಚ್ಚು ಎಂದು ಆಸ್ಪೆನ್ ಇನ್‌ಸ್ಟಿಟ್ಯೂಟ್ ತಿಳಿಸಿದೆ. ಪ್ರವಾಸಿ ತಂಡಗಳು ಉದ್ಯಮವಾಗಿ ಬೆಳೆದ ದೇಶವದು. ನಾರ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿನ ಕ್ರೀಡಾ ಒಕ್ಕೂಟ ‘ಕ್ರೀಡೆಯಲ್ಲಿ ಮಕ್ಕಳ ಹಕ್ಕುಗಳು’ ಎಂಬ ನಿಯಮಾವಳಿ ರೂಪಿಸಿದೆ. ಹನ್ನೊಂದು ವರ್ಷಕ್ಕಿಂತ ಮೊದಲು ಅಂಕಪಟ್ಟಿ, ಸ್ಥಾನಪಟ್ಟಿಗಳನ್ನು ಪ್ರಕಟಿಸುವಂತಿಲ್ಲ. ಎಳೆಯ ಮಕ್ಕಳನ್ನು ದೂರದ ಚಾಂಪಿಯನ್‌ಷಿಪ್‌ಗಳಿಗೆ ಎಳೆದೊಯ್ಯುವಂತಿಲ್ಲ. ಎಳವೆಯಲ್ಲಿ ಪ್ರಯಾಣ ಕಡಿಮೆಯಾದರೆ ಖರ್ಚೂ ತಾನಾಗಿ ಕಡಿಮೆಯಾಗುತ್ತದೆ.

ಪೋಷಕರು ಕೇಳಬೇಕಾದ ಪ್ರಶ್ನೆಗಳು

* ಮಾಸಿಕ ಶುಲ್ಕದಲ್ಲಿ ಏನೇನು ಸೇರಿದೆ? ಪ್ರವಾಸ, ಸಮವಸ್ತ್ರ, ಪ್ರವೇಶ ಶುಲ್ಕ ಪ್ರತ್ಯೇಕವೇ?
* ಪ್ರವಾಸದ ನಂತರ ಲೆಕ್ಕ ಕೊಡುತ್ತಾರೆಯೇ? ರಸೀದಿ ಉಂಟೇ?
* ಗಾಯಗೊಂಡು ಅಥವಾ ಊರು ಬದಲಿಸಿ ಬಿಟ್ಟರೆ ಹಣ ಮರಳುತ್ತದೆಯೇ?
* ತಂಡವನ್ನು ಆರಿಸುವವರು ಯಾರು? ಅವರೇ ಪ್ರತ್ಯೇಕ ಪಾಠಕ್ಕೆ ಹಣ ಪಡೆಯುತ್ತಾರೆಯೇ?
* ಕಟ್ಟಿದ ಹಣಕ್ಕೆ ಮಗು ಎಷ್ಟು ಪಂದ್ಯ ಆಡುತ್ತದೆ?
* ಶುಲ್ಕ ವಿನಾಯಿತಿ ಇದೆಯೇ? ಅದನ್ನು ಪಡೆದ ಮಗುವಿನ ಹೆಸರು ಗುಟ್ಟಾಗಿರುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಲಘುವಾಗಿ ಕಾಣಬಾರದು. ಎಲ್ಲರೆದುರು ‘ಉಚಿತದ ಹುಡುಗ’ ಎನಿಸಿಕೊಂಡ ಮಗು ಮರುದಿನ ಮೈದಾನಕ್ಕೆ ಬರಲು ಹಿಂಜರಿಯುತ್ತದೆ. ತರಬೇತಿಗೆ ಶುಲ್ಕ ಇರಲಿ, ಪ್ರವಾಸಕ್ಕೆ ಖರ್ಚು ಇರಲಿ. ಆಯ್ಕೆಗೆ ಮಾತ್ರ ಬೆಲೆ ಇರಬಾರದು. ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿಡುವ ತಂಡದಲ್ಲಿ ತೆಕ್ಕಲಕೋಟೆಯ ಮಗುವೂ ಬಳ್ಳಾರಿಯ ಮಗುವೂ ತಮ್ಮ ಆಟದ ಬಲದಿಂದಲೇ ಗೆಲ್ಲುವ ಅಥವಾ ಸೋಲುವ ಅವಕಾಶ ಪಡೆಯುತ್ತಾರೆ.